ಒಂದು ದಿನ, ಹೊಳೆಯ ಎರಡು ದಡ

ಆಗಸ್ಟ್ ೧೫ ದಾವಣಗೆರೆ-ಹರಿಹರಗಳವರು ಎರಡು ಬಗೆಯಲ್ಲಿ ನೆನೆಯತಕ್ಕ ದಿನ. ೧೯೪೭ರಲ್ಲಿ ಬ್ರಿಟಿಷರ ಆಳ್ವಿಕೆ ಅಳಿದಾಗ ತುಂಗಭದ್ರೆಯ ಆಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಅಲ್ಲಿ ಚುನಾಯಿತ ಮಂತ್ರಿಮಂಡಲವಿತ್ತು. ಈಚೆಯ ಹರಿಹರವೋ ಮೈಸೂರು ಸಂಸ್ಥಾನದ್ದು. ಎರಡೂ ದಡದ ಮಾತು ಕನ್ನಡವೇ! ಆದರೂ ಈಚೆಯವರು ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ಹೂಡಿ, ಅಕ್ಟೋಬರಿನವರೆಗೆ ಕಾಯಬೇಕಾಯಿತು. ದಡಗಳೆರಡೂ ಒಂದೇ ರಾಜ್ಯಕ್ಕೆ ಸೇರಿದುದು ೧೯೫೬ರ ನವೆಂಬರ್ ೧ರಂದು.

೧೯೯೭ರ ಆಗಸ್ಟ್ ೧೫ರಂದು, ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ. ಬಳ್ಳಾರಿಯಿಂದ ಹರಪನಹಳ್ಳಿ ಬಂದು ಕೂಡಿದವು. (ಹರಪನಹಳ್ಳಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ.) ಹರಿಹರದ ಬಳಿ ಹೊಳೆ ಮಾತ್ರ ಇಂದಿಗೂ ಗಡಿಯೇ: ಆಚೆಯದು ಹಾವೇರಿ ಜಿಲ್ಲೆ.