ಸೂಜಿ ತಾಗಬಾರದ ಕೈ

ಮೂತ್ರಪಿಂಡಗಳು ಪೂರ್ಣವಾಗಿ ಸೋತವರಿಗೆ ವಾರಕ್ಕೆ 2–3 ಸಲ, ಪ್ರತಿಸಲ ಸುಮಾರು 4 ಗಂಟೆ ನಡೆಯುವ ಹಿಮೋಡಯಾಲಿಸಿಸ್‌ನಲ್ಲಿ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಹೊರಬಂದು, ಶುದ್ಧವಾಗಿ ಒಳಹೋಗಬೇಕಾಗುತ್ತದೆ. ಹೃದಯದೆಡೆಗೆ ರಕ್ತ ಒಯ್ಯುವ ತೆಳುವಾದ ನಾಳಕ್ಕೆ, ಅಂದರೆ ಅಭಿಧಮನಿಗೆ, ಇಷ್ಟು ರಭಸದ ಹರಿವು ಇರುವುದಿಲ್ಲವಾದ್ದರಿಂದ, ಅದನ್ನು ಹೃದಯದಿಂದ ರಕ್ತ ತರುವ ಅಪಧಮನಿಗೆ ಕೈಯಲ್ಲೇ ಜೋಡಿಸಿ ಹೊಲಿಯುವ ‘ಫಿಸ್ಟುಲಾ’ ವಿಧಾನವನ್ನು ನ್ಯೂಯಾರ್ಕಿನ ಬ್ರೆಷಿಯಾ, ಸಿಮಿನೊ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದರು. ಇಂದಿಗೂ ಬಹುಪಾಲು ರೋಗಿಗಳಿಗೆ ಅದೇ ಅತ್ಯುತ್ತಮ ದಾರಿ.

ಹೊಲಿದ ನಾಳ ಹಿಗ್ಗಿ ಗಟ್ಟಿಯಾಗಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಅಷ್ಟು ಕಾಲಾವಕಾಶವಿಲ್ಲದೆ ಬಂದವರಿಗೆ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾತಿಟರ್ ಎಂಬ ಕೊಳವೆ ಹಾಕುವುದು ಅನಿವಾರ್ಯವಾದರೂ, ಅದರ ಮೂಲಕ ಸೋಂಕು ನೇರವಾಗಿ ರಕ್ತಕ್ಕೆ ಸೇರುವ ಅಪಾಯವಿರುವುದರಿಂದ ಅದರ ಮೇಲಿನ ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳಬೇಕು, ಕೊಳವೆಯ ಬಾಯಿಯನ್ನು ತರಬೇತಿ ಪಡೆದ ಸಿಬ್ಬಂದಿಯಷ್ಟೇ, ತಾವೂ ರೋಗಿಯೂ ಮಾಸ್ಕ್ ಧರಿಸಿ, ತೆರೆಯಬೇಕು.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಕರ್ನಾಟಕದಲ್ಲಿ ಈ ಸೌಲಭ್ಯ ತಾಲ್ಲೂಕು ಆಸ್ಪತ್ರೆಗಳವರೆಗೂ ವಿಸ್ತರಿಸಿದೆ. ಆದರೆ ಯಂತ್ರ ಊರಿನ ಸಮೀಪಕ್ಕೆ ಬಂದಷ್ಟು ಸುಲಭವಾಗಿ ತಿಳಿವಳಿಕೆ ಬರುವುದಿಲ್ಲ. ಗುಬ್ಬಿಯ ತೆಂಗಿನ ತೋಟದಲ್ಲೋ ಕುಣಿಗಲ್ಲಿನ ಹೊಲದಲ್ಲೋ ದುಡಿಯುವ ಮಧುಮೇಹಿಯೊಬ್ಬರಿಗೆ ಮೂತ್ರಪಿಂಡದ ದೌರ್ಬಲ್ಯ ಪತ್ತೆಯಾದ ದಿನದಿಂದಲೇ, ಡಯಾಲಿಸಿಸ್‌ಗೆ ಇನ್ನೂ ವರ್ಷಗಳಿದ್ದರೂ, ಹೆಚ್ಚು ಬಳಸದ ಕೈಯ ನಾಳಗಳನ್ನು ಕಾಯಬೇಕು. ಆ ಕೈಗೆ ಗ್ಲೂಕೋಸ್ ಏರಿಸಬಾರದು, ಅದರಿಂದ ರಕ್ತ ತೆಗೆಯಬಾರದು. ತುರ್ತು ಚಿಕಿತ್ಸಾ ಕೊಠಡಿಯ ದಾದಿಗೂ ಪ್ರಯೋಗಾಲಯದ ಸಿಬ್ಬಂದಿಗೂ ಇದು ಗೊತ್ತಿಲ್ಲದಿದ್ದರೆ, ಮೊಣಕೈ ಮಡಚಿನ ಬಳಿ ಪದೇ ಪದೇ ಚುಚ್ಚಿದ ಸೂಜಿಗಳು ಮುಂದಿನ ಫಿಸ್ಟುಲಾಕ್ಕೆ ಬೇಕಾದ ನಾಳವನ್ನೇ ಕೆಡಿಸುತ್ತವೆ. ಹೀಗಿರುವಾಗ ರೋಗಿಗೆ ಅರಿವಿಲ್ಲವೆಂದು ದೂರುವುದು ನ್ಯಾಯವಲ್ಲ. ತರಬೇತಿ ಡಯಾಲಿಸಿಸ್ ಕೊಠಡಿಯ ಬಾಗಿಲಲ್ಲೇ ನಿಂತುಬಿಡಬಾರದು.

ಫಿಸ್ಟುಲಾ ಇರುವ ಕೈಗೆ ಬಿ.ಪಿ. ಪಟ್ಟಿ ಕಟ್ಟಬಾರದು, ಬಿಗಿಯಾದ ಬಳೆ ಅಥವಾ ಗಡಿಯಾರ ತೊಡಬಾರದು, ಅದರ ಮೇಲೆ ಮಲಗಬಾರದು, ಅದರಿಂದ ಕಾಯಿಯ ಮೂಟೆ ಎತ್ತಬಾರದು. ಸಿಬ್ಬಂದಿಯೂ ಒಂದೇ ಜಾಗದಲ್ಲಿ ಚುಚ್ಚುತ್ತ ಹೋದರೆ ನಾಳದ ಗೋಡೆ ತೆಳುವಾಗಿ ಉಬ್ಬುವುದರಿಂದ, ಸಾಮಾನ್ಯವಾಗಿ ಪ್ರತಿಸಲವೂ ಜಾಗ ಬದಲಿಸಬೇಕು. ದಿನವೂ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಅಲ್ಲಿ ಸಣ್ಣ ಕಂಪನ ತಿಳಿಯುತ್ತದೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿದ್ದು, ಬೇಗ ಚಿಕಿತ್ಸೆ ದೊರೆತರೆ ಎಷ್ಟೋ ಸಲ ನಾಳ ಉಳಿಯುತ್ತದೆ. ಆದ್ದರಿಂದ ಮುಂದಿನ ಡಯಾಲಿಸಿಸ್ ಸರದಿಗೆ ಕಾಯದೆ ಆ ದಿನವೇ ತುಮಕೂರಿಗೋ ಬೆಂಗಳೂರಿಗೋ, ಯಾವ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಕೇಂದ್ರದವರು ರೋಗಿಗೂ ಮನೆಯವರಿಗೂ ಮೊದಲೇ ಬರೆದುಕೊಟ್ಟಿರಬೇಕು.