ರೋಬೊ ಆಪರೇಷನ್: ಎದೆ ಮೂಳೆ ಉಳಿಯುವುದು ಹೇಗೆ?

ಶಹಾಬಾದಿನ ಕಲ್ಲು ಗಣಿಯಲ್ಲೋ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲೋ ದುಡಿಯುವವರಿಗೆ ಹೃದಯದ ಆಪರೇಷನ್ ಎಂದಕೂಡಲೇ ಜೀವದ ಭಯದ ಜೊತೆಗೇ ಬರುವ ಚಿಂತೆ, ಮತ್ತೆ ಭಾರ ಎತ್ತುವುದು ಯಾವಾಗ ಎಂಬುದು. ಮಾಮೂಲಿ ಆಪರೇಷನ್‌ನಲ್ಲಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೊನೆಗೆ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಗಟ್ಟಿ ದುಡಿಮೆಗೆ ಇನ್ನೂ ತಡ. ರೋಬೊ ಬಳಸಿದರೆ ಈ ಮೂಳೆಯನ್ನು ಸೀಳುವುದು ತಪ್ಪುತ್ತದೆ.

ಯಂತ್ರ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಪಕ್ಕೆಲುಬುಗಳ ಸಂದಿಯ ಸಣ್ಣ ತೂತುಗಳಲ್ಲಿ ಒಂದರಿಂದ ಕ್ಯಾಮೆರಾ, ಉಳಿದವುಗಳಿಂದ ಸಲಕರಣೆಗಳು ಒಳಹೋಗುತ್ತವೆ. ಸರ್ಜನ್ ಸ್ವಲ್ಪ ದೂರದ ಕನ್ಸೋಲ್‌ನಲ್ಲಿ ಕೂತು, ದೊಡ್ಡದಾಗಿ, ಆಳವೂ ತಿಳಿಯುವಂತೆ ಕಾಣುವ ಚಿತ್ರ ನೋಡುತ್ತ ಬೆರಳಾಡಿಸುತ್ತಾರೆ. ಒಳಗಿನ ತುದಿ ಮಣಿಕಟ್ಟಿನ ಹಾಗೆ ಹೊರಳುತ್ತದೆ. ಅವರ ಕೈ ಸೆಂಟಿಮೀಟರ್ ಸರಿದರೆ ಒಳಗೆ ಕೆಲವೇ ಮಿಲಿಮೀಟರ್. ಕೈನಡುಕ ಅಲ್ಲಿಗೆ ತಲುಪುವುದೇ ಇಲ್ಲ. ಆದರೆ ಹೆಚ್ಚಿನ ಯಂತ್ರಗಳಲ್ಲಿ ಕೈಗೆ ಸ್ಪರ್ಶ ತಿಳಿಯದು. ಹೊಲಿಗೆಯ ದಾರ ಎಷ್ಟು ಬಿಗಿಯಾಯಿತೆಂದು ಕಣ್ಣಳತೆಯಲ್ಲೇ ನೋಡಬೇಕು. ಹೃದಯ ನಿಲ್ಲಿಸಬೇಕಾದಾಗ ತೊಡೆಸಂದಿನ ರಕ್ತನಾಳಗಳ ಮೂಲಕ ಹಾರ್ಟ್-ಲಂಗ್ ಮಷೀನ್ ಜೋಡಿಸುತ್ತಾರೆ. ರೋಗಿಯ ಪಕ್ಕದಲ್ಲೇ ಇನ್ನೊಂದು ತಂಡ ನಿಂತಿರುತ್ತದೆ. ರಕ್ತಸ್ರಾವ ಕೈಮೀರಿದರೆ ಎದೆ ತೆರೆಯಲೇಬೇಕಲ್ಲ!

1998ರಲ್ಲಿ ಪ್ಯಾರಿಸ್‌ನ ಸರ್ಜನ್ ಅಲೇನ್ ಕಾರ್ಪೆಂಟಿಯರ್ ರೋಬೊ ನೆರವಿನಿಂದ ಹೃದಯದ ಮೈಟ್ರಲ್ ಕವಾಟ ಸರಿಪಡಿಸಿದರು. ಈಗ ನಮ್ಮಲ್ಲೇ ತಯಾರಾದ 'ಎಸ್‌ಎಸ್‌ಐ ಮಂತ್ರ' ಯಂತ್ರವೂ ಇದೆ. ಅದನ್ನು ಕಟ್ಟಿದ ಸುಧೀರ್ ಶ್ರೀವಾಸ್ತವ ಸ್ವತಃ ಹೃದಯದ ಸರ್ಜನ್.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಸೋರುವ ಮೈಟ್ರಲ್ ಕವಾಟ, ಹುಟ್ಟಿನಿಂದಲೇ ಇರುವ ಹೃತ್ಕರ್ಣಗಳ ನಡುಗೋಡೆಯ ತೂತು, ಆಯ್ದ ಬೈಪಾಸ್‌ಗಳಿಗೆ ಸರಿ. ಬಾಲ್ಯದ ಕೀಲುಜ್ವರದಿಂದ ಕವಾಟ ಕಿರಿದಾಗಿದ್ದರೆ ಎಷ್ಟೋ ಮಂದಿಗೆ ಬಲೂನ್ ಚಿಕಿತ್ಸೆ ಸಾಕು. ಅದಕ್ಕೆ ಕೊಯ್ಯುವ ಮಾತೇ ಇಲ್ಲ.

ಚಿಂಚೋಳಿಯಲ್ಲಿ ನಡುರಾತ್ರಿ ಎದೆ ಹಿಂಡಿ ಬೆವರಿಳಿದರಂತೂ ರೋಬೊ ಹುಡುಕಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಾದರೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿದೆ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆಯಿದೆ.

ಸೇಡಂ, ಚಿತ್ತಾಪುರದವರು ರೈಲು ಹತ್ತಿ ಹೈದರಾಬಾದಿಗೆ ಹೋಗುವುದು ರೂಢಿ. ಅಲ್ಲಿ ರೋಬೊ ಮಾತು ಬಂದರೆ ಮೂರು ವಿಷಯ ಕೇಳಿ: ಈ ಸರ್ಜನ್ ರೋಬೊದಲ್ಲಿ ಮಾಡಿದ ಹೃದಯದ ಆಪರೇಷನ್‌ಗಳೆಷ್ಟು, ಮಾಮೂಲಿ ದಾರಿಗಿಂತ ಎಷ್ಟು ಹೆಚ್ಚು ಖರ್ಚು, ಆ ಹೆಚ್ಚುವರಿಯನ್ನು ನಿಮ್ಮ ಆರೋಗ್ಯ ಕಾರ್ಡ್ ಭರಿಸುತ್ತದೆಯೇ. ಕೊನೆಯದನ್ನು ಬರಹದಲ್ಲೇ ಪಡೆಯಿರಿ.