ಹಲಸಿನ ಹಲಗೆಯ ಅಂಚು

ತೀರ್ಥಹಳ್ಳಿಯಿಂದ ಒಳಗೆ ಸರಿದ ಮಣ್ಣುದಾರಿಯ ಬದಿಯ ಆ ಮರಗೆಲಸದ ಶೆಡ್ಡಿಗೆ ಕಾಲಿಟ್ಟರೆ ಮೊದಲು ಎದುರಾಗುವುದು ವಾಸನೆ: ಹೆಂಚಿನಿಂದ ಇಳಿಯುವ ಮಳೆಯ ತೇವ, ಫೆವಿಕಾಲಿನ ಹುಳಿ, ಅದರ ನಡುವೆಲ್ಲ ಹರಡಿಕೊಂಡ ಹಲಸಿನ ಹುಡಿಯ ಸಿಹಿ. ಉಳಿ, ಕೊಡತಿಗಳ ಪಕ್ಕದಲ್ಲಿ, ತಿರುಗುವ ಬಿಟ್ ಎಂಬ ಅಲಗಿನಿಂದ ಮರದ ಅಂಚು ಕೆತ್ತುವ, ಎರಡು ಬದಿಗೂ ಹಿಡಿಯಿರುವ ರೌಟರ್ ಕೂತಿದೆ. ಅದನ್ನು ಇವತ್ತು ಮೊದಲ ಸಲ ಹಿಡಿಯಲಿರುವ ಹುಡುಗನ ಕಣ್ಣು ಅದರ ಮೇಲೆ. ಕೆಲಸ ಕಲಿಸುವ ಆಚಾರ್ರ ಕಣ್ಣು ಹುಡುಗನ ಮೇಲೆ.

"ಅಂಗಿ ತೋಳು ಮಡಚು ಮಾರಾಯ. ಗ್ಲೌಸೂ ಬೇಡ. ಬಿಟ್ಟಿಗೆ ಬಟ್ಟೆ ಸಿಕ್ಕಿದ್ರೆ ಕೈಯನ್ನೂ ಎಳ್ಕಂಡ್ ಹೋಗ್ತದೆ."

ಹಲಗೆಯನ್ನು ಎರಡು ಕ್ಲಾಂಪ್ ಬಿಗಿದು ಮೇಜಿಗೆ ಕೂರಿಸಿ, ಅಲ್ಲಾಡಿಸಿ ನೋಡಿದ್ದಾಯಿತು. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಟ್ಟ ನಂತರವೇ ಬಿಟ್ಟಿಗೆ ಕೈ. ಅದರ ಕಡ್ಡಿಯನ್ನು, ಬಿಟ್ ಕಚ್ಚಿ ಹಿಡಿಯುವ ಕೊಲೆಟ್ಟಿನ ತಳ ಮುಟ್ಟುವವರೆಗೆ ಇಳಿಸಿ, ಎರಡು ಮೂರು ಮಿಲಿಮೀಟರ್ ಹಿಂದೆಳೆದು, ಹುಡುಗ ಸ್ಪ್ಯಾನರಿನಿಂದ ಬಿಗಿದ. ತಳಕ್ಕೆ ತಾಗಿಸಿಯೇ ಬಿಗಿದರೆ ಹಿಡಿತ ಸಡಿಲವಾಗಿ, ಓಟದ ನಡುವೆ ಬಿಟ್ ಜಾರುವ ಭಯವಿದೆ.

ಕನ್ನಡಕ, ಮಾಸ್ಕು, ಕಿವಿಗೆ ಮುಚ್ಚಳ. ಸ್ವಿಚ್ ಒತ್ತಿದ ಗಳಿಗೆ ಮಷೀನು ತನ್ನ ಸುತ್ತಿನ ಎದುರು ದಿಕ್ಕಿಗೆ ಒಮ್ಮೆ ತಿರುಚಿಕೊಳ್ಳುತ್ತದೆ, ಆಮೇಲೆ ಸಣ್ಣ ಕೂಗು ಏರುತ್ತ ಹೋಗಿ ಮಳೆಯ ಸದ್ದನ್ನೇ ನುಂಗುತ್ತದೆ. ಸಣ್ಣ ಬಿಟ್ಟಾದರೆ ನಿಮಿಷಕ್ಕೆ 20,000 ಸುತ್ತಿಗೂ ಮಿಗಿಲು. ಅಗಲದ ಬಿಟ್ಟಿಗೆ ಇಷ್ಟು ವೇಗ ಸಲ್ಲದು, ಅದರ ಅರ್ಧಕ್ಕೆ ಇಳಿಸಬೇಕು.

ಹುಡುಗ ಬಲಗಡೆಯಿಂದ ಶುರುಮಾಡಲು ಹೊರಟ. ಆಚಾರ್ರು ಕೈಯಡ್ಡ ಹಿಡಿದರು. ಕಲಿಯುವವನಿಗೆ ಆಳ, ವೇಗ ಎಲ್ಲಕ್ಕಿಂತ ಮೊದಲು ಮೈಗೂಡಬೇಕಾದದ್ದು ಈ ದಿಕ್ಕು ಎಂದೇ ನನಗೂ ತೋರುತ್ತದೆ. ಅಂಚು ನಮ್ಮ ಕಡೆಗಿದ್ದರೆ ಎಡದಿಂದ ಬಲಕ್ಕೆ ಸಾಗಬೇಕು. ಆಗ ಮರ ಮಷೀನನ್ನು ತಡೆಯುತ್ತದೆ, ಅದು ನಮ್ಮ ಕೈಯಲ್ಲಿ ಉಳಿಯುತ್ತದೆ. ಬಲದಿಂದ ಹೊರಟರೆ ಬಿಟ್ ಚಕ್ರದ ಹಾಗೆ ಅಂಚನ್ನು ಹತ್ತಿ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ.

ಮೊದಲು ನಾರಿಗೆ ಅಡ್ಡವಾಗಿರುವ ತುದಿ, ಆಮೇಲೆ ಉದ್ದದ ಅಂಚು. ಮೂಲೆಯಲ್ಲಿ ಎದ್ದ ಸಿಬಿರನ್ನು ಉದ್ದದ ಓಟ ಒರೆಸಿಬಿಡುತ್ತದೆ. ಒಂದು ಸಲಕ್ಕೆ ಮೂರು ಮಿಲಿಮೀಟರಿನಷ್ಟೇ ಆಳ. ನಡುವೆ ಹುಡುಗ ಅಳುಕಿ ನಿಂತದ್ದೇ ಕೂಗು ಬದಲಾಯಿತು, ಹಳದಿ ಅಂಚಿನ ಮೇಲೆ ಕಪ್ಪು ಗೆರೆ, ಸುಟ್ಟ ಕಮಟು. ಆಚಾರ್ರು ಗಲ್ಲ ಮುಂದೆ ಮಾಡಿ 'ಸಾಗು' ಎಂದರು. ಸಾಗಿದ. ಎರಡನೆಯ ಸುತ್ತಿಗೆ ಗೆರೆ ಹೋಯಿತು. ಹುಡಿ ಅವನ ಹುಬ್ಬಿನ ಮೇಲೆ ಕೂತಿತ್ತು.

ಸ್ವಿಚ್ ಆರಿಸಿದರೂ ಬಿಟ್ ಇನ್ನೂ ತಿರುಗುತ್ತಿತ್ತು. ಅದು ಪೂರ್ತಿ ನಿಲ್ಲುವತನಕ ಎರಡೂ ಕೈ ಬಿಡದೆ ಕಾದು, ಮಷೀನನ್ನು ಮಲಗಿಸಿ, ದುಂಡಗಾದ ಅಂಚನ್ನು ಸವರಲು ಹುಡುಗ ಬೆರಳು ಚಾಚಿದ. ಆಚಾರ್ರ ಬೆರಳು ಪ್ಲಗ್ಗಿನ ಕಡೆ ತೋರಿತು.